ಕ್ರೈಸ್ತ ಮದುವೆಗೆ ಬಯೋಡೇಟಾ: ಏನು ಬರೆಯಬೇಕು, ಏನು ಬಿಡಬೇಕು, ಯಾರಿಗೆ ಕಳಿಸಬೇಕು

ಮದುವೆ ಬಯೋಡೇಟಾ ಅಂತ ನೆಟ್ಟಿನಲ್ಲಿ ಹುಡುಕಿದರೆ ಸಿಗುವುದು ಹೆಚ್ಚಾಗಿ ಒಂದೇ ಥರದ ಟೆಂಪ್ಲೇಟು. ಮೇಲೆ ಗಣೇಶ, ಕೆಳಗೆ ರಾಶಿ, ನಕ್ಷತ್ರ, ಗೋತ್ರ. ನಮ್ಮವರು ಗಣೇಶನ ಜಾಗಕ್ಕೆ ಶಿಲುಬೆ ಅಂಟಿಸುತ್ತಾರೆ, ರಾಶಿ ನಕ್ಷತ್ರದ ಮುಂದೆ ಗೆರೆ ಎಳೆಯುತ್ತಾರೆ, ಧರ್ಮ ಅನ್ನುವ ಕಡೆ ಕ್ರಿಶ್ಚಿಯನ್ ಅಂತ ಬರೆದು ವಾಟ್ಸಾಪಿಗೆ ಹಾಕಿಬಿಡುತ್ತಾರೆ. ಆಮೇಲೆ ಶುರುವಾಗುತ್ತದೆ ಫೋನು. "ನೀವು ಆರ್.ಸಿ.ನಾ (ರೋಮನ್ ಕಥೋಲಿಕ), ಸಿಎಸ್‌ಐನಾ (ಚರ್ಚ್ ಆಫ್ ಸೌತ್ ಇಂಡಿಯಾ)?" "ಮನೆಯಲ್ಲಿ ಕೊಂಕಣಿಯಾ, ಕನ್ನಡವಾ, ತಮಿಳಾ?" "ಯಾವ ಚರ್ಚು?" "ಹುಡುಗ ದುಬೈನಲ್ಲೇ ಇರ್ತಾನಾ, ವಾಪಸ್ ಬರ್ತಾನಾ?" ಇಷ್ಟಕ್ಕೂ ಉತ್ತರ ಆ ಒಂದು ಹಾಳೆಯಲ್ಲೇ ಇರಬೇಕಿತ್ತು.

ನನ್ನ ಪ್ರಕಾರ ಬಯೋಡೇಟಾ ಎಲ್ಲರಿಗೂ ಇಷ್ಟವಾಗಬೇಕಿಲ್ಲ. ಹೊಂದದವರು ಅದನ್ನು ಓದಿಯೇ ಸುಮ್ಮನಾಗಬೇಕು, ಹೊಂದುವವರು ಮಾತ್ರ ಫೋನ್ ಮಾಡಬೇಕು. ಎರಡು ಮನೆಯವರು ಕೂತು ಕಾಫಿ ಕುಡಿದು, ಹುಡುಗ ಹುಡುಗಿ ನಂಬರ್ ತಗೊಂಡು ತಿಂಗಳುಗಟ್ಟಲೆ ಮಾತಾಡಿದ ಮೇಲೆ "ಅಯ್ಯೋ, ನೀವು ಪೆಂಟೆಕೋಸ್ಟ್ ಅಂತ ಗೊತ್ತಿರಲಿಲ್ಲ" ಅನ್ನುವುದು ಯಾರಿಗೆ ಬೇಕು? ಕರ್ನಾಟಕದ ಕುಟುಂಬಗಳನ್ನು ಮನಸ್ಸಲ್ಲಿ ಇಟ್ಟುಕೊಂಡು ಬರೆದಿದ್ದೇನೆ, ಕೆಲಸಕ್ಕಾಗಿ ಗಲ್ಫಿಗೋ ಐರ್ಲೆಂಡಿಗೋ ಹೋದವರನ್ನೂ ಸೇರಿಸಿ.

ಮೊದಲು ಕಾಗದಪತ್ರ ತೆಗೆದು ಮುಂದೆ ಇಟ್ಟುಕೊಳ್ಳಿ

ಕಂಪ್ಯೂಟರ್ ಆನ್ ಮಾಡುವ ಮೊದಲು ಮೂರು ಕಾಗದ ಹುಡುಕಿ: ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡು, ಆಧಾರ್, ಚರ್ಚಿನ ಜ್ಞಾನಸ್ನಾನದ, ಅಂದರೆ ಬ್ಯಾಪ್ಟಿಸಮ್ಮಿನ, ಸರ್ಟಿಫಿಕೇಟು (ಸಿಎಸ್‌ಐ, ಮೆಥೊಡಿಸ್ಟ್ ಕಡೆಯವರಾದರೆ ದೀಕ್ಷಾಸ್ನಾನದ್ದು). ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇದೆಯಾ ನೋಡಿ. ನಮ್ಮಲ್ಲಿ ಬಹಳ ಮನೆಗಳಲ್ಲಿ ಒಂದೇ ಇರುವುದಿಲ್ಲ. ಜ್ಞಾನಸ್ನಾನದಲ್ಲಿ ಸಂತರ ಹೆಸರು, ಶಾಲೆಯಲ್ಲಿ ಇನ್ನೊಂದು, ಮನೆಯಲ್ಲಿ ಕರೆಯುವುದು ಮತ್ತೊಂದು. ಹಳೆ ಮೈಸೂರು ಕಡೆಯ ಕನ್ನಡ ಕಥೋಲಿಕ ಮನೆಗಳಲ್ಲಿ ಅಪ್ಪನ ಹೆಸರು ರಾಯಪ್ಪ, ಚರ್ಚಿನ ದಾಖಲೆಯಲ್ಲಿ ಪೀಟರ್. ಚಿನ್ನಪ್ಪ ಅಂದರೆ ಪೌಲ್, ಇನ್ನಾಸಪ್ಪ ಅಂದರೆ ಇಗ್ನೇಷಿಯಸ್. ಊರಲ್ಲಿ ಇದು ಎಲ್ಲರಿಗೂ ಗೊತ್ತು, ಆದರೆ ಮಂಗಳೂರಿನಿಂದ ಫೋನ್ ಮಾಡಿ ವಿಚಾರಿಸುವವರಿಗೆ ಗೊತ್ತಿರುವುದಿಲ್ಲ. ಬಯೋಡೇಟಾದಲ್ಲಿ ಶಾಲೆ ದಾಖಲೆಯ ಹೆಸರು ಹಾಕಿ, ಪಕ್ಕದಲ್ಲಿ ಚರ್ಚಿನ ಹೆಸರನ್ನೂ ಬರೆಯಿರಿ.

ಸರ್ಟಿಫಿಕೇಟು ಸಿಗಲಿಲ್ಲ ಅಂದರೆ ಈಗ ಹೋಗುತ್ತಿರುವ ಚರ್ಚಿನಲ್ಲಿ ಕೇಳಿ ಪ್ರಯೋಜನವಿಲ್ಲ. ಜ್ಞಾನಸ್ನಾನ ಎಲ್ಲಿ ಆಯಿತೋ ಅಲ್ಲಿನ ರಿಜಿಸ್ಟರಿನಲ್ಲೇ ಇರುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಅಲ್ವಾ, ಹಾಗಾಗಿ ಎಷ್ಟೋ ಮೊದಲ ಮಕ್ಕಳ ಹೆಸರು ಅಮ್ಮನ ಊರಿನ ಚರ್ಚಿನಲ್ಲಿ ಸಿಗುತ್ತದೆ. ಉಡುಪಿ ಕಡೆಯವರಿಗೆ ಇನ್ನೊಂದು ವಿಷಯ. ಉಡುಪಿ ಧರ್ಮಪ್ರಾಂತ್ಯ (ಡಯೋಸಿಸ್, ಒಬ್ಬ ಬಿಷಪ್ಪರ ವ್ಯಾಪ್ತಿ) ಮಂಗಳೂರಿನಿಂದ ಬೇರೆಯಾಗಿದ್ದು 2012ರಲ್ಲಿ. ಅದಕ್ಕೂ ಮುಂಚೆ ಕೊಟ್ಟ ಸರ್ಟಿಫಿಕೇಟಿನ ತಲೆಯಲ್ಲಿ ಮಂಗಳೂರು ಅಂತಲೇ ಇರುತ್ತದೆ. ಬಯೋಡೇಟಾದಲ್ಲಿ ಈಗಿನದು, ಉಡುಪಿ ಅಂತ, ಬರೆಯಿರಿ.

ಇನ್ನೂ ಒಂದು ಮಾತು. ಕಥೋಲಿಕ ಮದುವೆಗೆ ಹಳೆಯ ಸರ್ಟಿಫಿಕೇಟು ನಡೆಯುವುದಿಲ್ಲ, ಸಾಮಾನ್ಯವಾಗಿ ಆರು ತಿಂಗಳ ಒಳಗೆ ತೆಗೆಸಿದ್ದನ್ನು ಕೇಳುತ್ತಾರೆ. ಮದುವೆ ಆದದ್ದನ್ನು ಜ್ಞಾನಸ್ನಾನದ ರಿಜಿಸ್ಟರಿನಲ್ಲೇ ಗುರುತು ಹಾಕುವ ಪದ್ಧತಿ ಇದೆ. ಹೊಸ ಪ್ರತಿ ನೋಡಿದರೆ ಈ ವ್ಯಕ್ತಿಗೆ ಮೊದಲೇ ಚರ್ಚಿನಲ್ಲಿ ಮದುವೆ ಆಗಿದೆಯಾ ಇಲ್ಲವಾ ಗೊತ್ತಾಗುತ್ತದೆ. ಆದ್ದರಿಂದ ಈಗ ಹಳೆಯದು ಸಾಕು, ಮದುವೆ ಗೊತ್ತಾದ ಮೇಲೆ ಹೊಸದು ತೆಗೆಸಿ. ಈ ಯಾವ ಕಾಗದವನ್ನೂ ಬಯೋಡೇಟಾಕ್ಕೆ ಲಗತ್ತಿಸಬೇಡಿ.

ಸಭೆ, ಭಾಷೆ, ಚರ್ಚು: ಇಲ್ಲಿ ಜಿಪುಣತನ ಬೇಡ

ಹೆಸರು, ವಯಸ್ಸು, ಎತ್ತರ ಆದ ಕೂಡಲೇ ಸಭೆ (ಅಂದರೆ ಕ್ರೈಸ್ತರಲ್ಲಿ ಯಾವ ಪಂಗಡ), ಭಾಷೆ, ಚರ್ಚು, ಇದನ್ನೇ ಹಾಕಿ. ಹೆಚ್ಚಿನವರು ಕೊನೆಯಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಹಿಂದೂ ಮನೆಯವರು ಜಾತಕಕ್ಕೆ ಎಷ್ಟು ಜಾಗ ಕೊಡುತ್ತಾರೋ ನಮ್ಮಲ್ಲಿ ಅಷ್ಟು ಜಾಗ ಇದಕ್ಕೆ ಸಲ್ಲಬೇಕು.

ಬರೀ ಕ್ರಿಶ್ಚಿಯನ್ ಅಂದರೆ ಏನೂ ಹೇಳಿದಂತಾಗಲಿಲ್ಲ. ಕಥೋಲಿಕ ಅಂದರೂ ಸಾಲದು. ಕರ್ನಾಟಕದ ಹೆಚ್ಚಿನ ಕಥೋಲಿಕರು ಲ್ಯಾಟಿನ್ ಪೂಜಾ ಕ್ರಮದವರು, ಆದರೆ ಬೆಳ್ತಂಗಡಿ, ಭದ್ರಾವತಿ, ಮಂಡ್ಯದಲ್ಲಿ ಸೀರೋ ಮಲಬಾರ್ ಧರ್ಮಪ್ರಾಂತ್ಯಗಳೇ ಇವೆ, ಪುತ್ತೂರಿನಲ್ಲಿ ಸೀರೋ ಮಲಂಕರದ್ದು (ಇವೆರಡೂ ಕೇರಳ ಮೂಲದ ಕಥೋಲಿಕ ಸಭೆಗಳು). ಸಿಎಸ್‌ಐ ಅಂದರೆ ಮೂರು ಡಯೋಸಿಸ್: ಬೆಂಗಳೂರಿನ ಕರ್ನಾಟಕ ಮಧ್ಯ, ಮಂಗಳೂರಿನ ದಕ್ಷಿಣ, ಧಾರವಾಡದ ಉತ್ತರ. ಬೀದರ್ ಕಡೆ ಮೆಥೊಡಿಸ್ಟರು ಜಾಸ್ತಿ. ಕರಾವಳಿಯಲ್ಲಿ ಇಂದಿಗೂ "ನಾವು ಬಾಸೆಲ್ ಮಿಶನ್ ಕುಟುಂಬ" ಅಂತ ಹೇಳಿಕೊಳ್ಳುವವರಿದ್ದಾರೆ, ಸ್ವಿಟ್ಜರ್ಲೆಂಡಿನ ಆ ಪ್ರೊಟೆಸ್ಟೆಂಟ್ ಮಿಶನ್ ಮಂಗಳೂರಿಗೆ ಬಂದಿದ್ದು 1834ರಲ್ಲಾದರೂ. ಹಾಗೆ ಹೇಳಿದರೆ ಹಿರಿಯರಿಗೆ ಒಂದೇ ಏಟಿಗೆ ಅರ್ಥವಾಗುತ್ತದೆ ಅನ್ನುವುದಾದರೆ ಬರೆಯಿರಿ, ತಪ್ಪಿಲ್ಲ. ಪೆಂಟೆಕೋಸ್ಟ್, ಬ್ರದರೆನ್, ಸೆವೆಂತ್ ಡೇ ಅಡ್ವೆಂಟಿಸ್ಟ್, ಆರ್ಥೊಡಾಕ್ಸ್, ಯಾವುದೇ ಇರಲಿ, ಸಭೆಯ ಪೂರ್ತಿ ಹೆಸರು ಮತ್ತು ಊರು ಹಾಕಿ.

ಸಭೆಯ ಜೊತೆಗೇ ಬದುಕಿನ ಕ್ರಮವೂ ಬರುತ್ತದೆ. ಅನೇಕ ಪೆಂಟೆಕೋಸ್ಟ್ ಸಭೆಗಳಲ್ಲಿ ಚಿನ್ನ ಹಾಕುವುದಿಲ್ಲ. ಮಂಗಳೂರಿನ ಕಥೋಲಿಕ ಮನೆಯಲ್ಲಿ ಚಿನ್ನವಿಲ್ಲದ ಮದುಮಗಳನ್ನು ಊಹಿಸುವುದೂ ಕಷ್ಟ, ಮೇಲಾಗಿ ಅಲ್ಲಿ ಮದುವೆ ಊಟಕ್ಕೆ ವೈನ್ ಇರಲೇಬೇಕು. ಅಡ್ವೆಂಟಿಸ್ಟರಿಗೆ ಶನಿವಾರ ಸಬ್ಬತ್ (ವಿಶ್ರಾಂತಿ ದಿನ), ಹಂದಿ ಮಾಂಸ ಇಲ್ಲ, ಅವರಲ್ಲಿ ಎಷ್ಟೋ ಜನ ಪೂರ್ತಿ ಸಸ್ಯಾಹಾರಿಗಳು. ಇವುಗಳಲ್ಲಿ ಸರಿ ತಪ್ಪು ಹುಡುಕುವ ಕೆಲಸ ಬಯೋಡೇಟಾದ್ದಲ್ಲ. "ನಾವು ಆಭರಣ ಧರಿಸುವುದಿಲ್ಲ", "ಸಮಾರಂಭದಲ್ಲಿ ವೈನ್ ತೆಗೆದುಕೊಳ್ಳುತ್ತೇವೆ" ಅಂತ ಒಂದು ಸಾಲು ಬರೆದರೆ ಮುಗಿಯಿತು.

ಭಾಷೆಯನ್ನು ಎರಡಾಗಿ ಬರೆಯಿರಿ: ಮನೆಯಲ್ಲಿ ಯಾವುದು, ಪ್ರಾರ್ಥನೆಗೆ ಯಾವುದು. ಮನೆಯಲ್ಲಿ ತುಳು, ಆರಾಧನೆ ಕನ್ನಡದಲ್ಲಿ ಅನ್ನುವ ಪ್ರೊಟೆಸ್ಟೆಂಟ್ ಕುಟುಂಬಗಳಿವೆ. ಮನೆಯಲ್ಲಿ ತಮಿಳು, ಮಕ್ಕಳು ಹೋಗುವುದು ಇಂಗ್ಲಿಷ್ ಪೂಜೆಗೆ ಅನ್ನುವವರು ಬೆಂಗಳೂರಿನ ತುಂಬ ಇದ್ದಾರೆ. ಕೊಂಕಣಿ ಮಾತಾಡುತ್ತೇನೆ, ಓದಲು ಬರುವುದಿಲ್ಲ ಅನ್ನುವ ಬೆಂಗಳೂರಿನ ಹುಡುಗಿಗೆ ಮೂಡುಬಿದಿರೆಯ ಅತ್ತೆ ಮನೆಯಲ್ಲಿ ಸಂಜೆಯ ಪ್ರಾರ್ಥನೆ ಹೇಗೆ ಅನ್ನುವುದು ಸಣ್ಣ ಪ್ರಶ್ನೆ ಅನ್ನಿಸಬಹುದು, ದಿನಾ ಎದುರಾಗುವ ಪ್ರಶ್ನೆ ಅದು.

ನಿಮ್ಮದು ಕಥೋಲಿಕ ಮನೆಯಾಗಿದ್ದು ಬೇರೆ ಸಭೆಯವರನ್ನೂ ನೋಡುತ್ತೇವೆ ಅನ್ನುವುದಾದರೆ ಮೊದಲೇ ತಿಳಿದಿರಲಿ: ಪ್ರೊಟೆಸ್ಟೆಂಟರನ್ನು ಚರ್ಚಿನಲ್ಲಿ ಮದುವೆಯಾಗಲು ಧರ್ಮಾಧ್ಯಕ್ಷರ (ಬಿಷಪ್ಪರ) ಕಡೆಯ ಅನುಮತಿ ಬೇಕು, ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ನನ್ನಿಂದ ಆದಷ್ಟು ಮಾಡುತ್ತೇನೆ ಅಂತ ಕಥೋಲಿಕ ಕಡೆಯವರು ಮಾತು ಕೊಡಬೇಕು. ಜ್ಞಾನಸ್ನಾನ ಆಗದವರಾದರೆ ಬೇರೆಯೇ ವಿನಾಯಿತಿ ಬೇಕು. ಹಾಗಾಗಿ "ಸಭೆ ಯಾವುದಾದರೂ ಆದೀತು" ಅಂತ ಸುಮ್ನೆ ಬರೆಯಬೇಡಿ. ಮನೆಯವರೆಲ್ಲ ಕೂತು ಮಾತಾಡಿ, ಮದುವೆ ಯಾವ ಚರ್ಚಿನಲ್ಲಿ, ಮಕ್ಕಳು ಯಾವ ಸಭೆಗೆ ಅಂತ ಒಂದು ತೀರ್ಮಾನಕ್ಕೆ ಬಂದ ಮೇಲೆ ಬರೆಯಿರಿ.

ಚರ್ಚಿನಲ್ಲಿ ಏನು ಮಾಡುತ್ತೀರಿ ಅನ್ನುವುದನ್ನೂ ಸೇರಿಸಬಹುದು. ಗಾಯನ ತಂಡ, ಸಂಡೇ ಸ್ಕೂಲ್ ಪಾಠ, ಯುವಜನ ಸಂಘ. ನಿಜವಾಗಿ ಮಾಡುತ್ತಿದ್ದರೆ ಮಾತ್ರ. ಬರೀ ಕ್ರಿಸ್‌ಮಸ್ಸಿಗೆ, ಈಸ್ಟರಿಗೆ ಚರ್ಚಿಗೆ ಹೋಗುವವರು "ದೇವಭಯವುಳ್ಳ ಕುಟುಂಬ" ಅಂತ ದಪ್ಪ ಅಕ್ಷರದಲ್ಲಿ ಹಾಕಿದರೆ, ವಿಚಾರಿಸುವವರು ಮೊದಲು ಫೋನ್ ಮಾಡುವುದು ಅದೇ ಚರ್ಚಿಗೆ.

ಓದು, ಕೆಲಸ, ಮತ್ತೆ ಎಲ್ಲಿ ಇರುತ್ತೀರಿ ಅನ್ನುವುದು

ಓದು ಒಂದು ಸಾಲು. ಎಲ್‌ಕೆಜಿಯಿಂದ ಶುರು ಮಾಡಬೇಕಿಲ್ಲ. ಕೆಲಸ ಏನು, ಯಾವ ಊರಲ್ಲಿ, ಕಾಯಂ ಆಗಿದೆಯಾ, ಇಷ್ಟು ಸಾಕು. ಸಂಬಳ ಬರೆಯಬೇಕಾ ಅಂತ ಕೇಳುವವರು ಬಹಳ. ಅಂದಾಜು ಬರೆಯಿರಿ ಅನ್ನುತ್ತೇನೆ ನಾನು, "ವರ್ಷಕ್ಕೆ 6ರಿಂದ 8 ಲಕ್ಷ" ಅನ್ನುವ ಥರ. ಬರೆಯದಿದ್ದರೆ ಹೇಗೂ ಸುತ್ತಿ ಬಳಸಿ ಕೇಳುತ್ತಾರೆ.

ಹೊರದೇಶದಲ್ಲಿ ಇರುವವರು ಇಲ್ಲಿ ಜಾಸ್ತಿ ಬರೆಯಬೇಕು. ಗಲ್ಫ್ ಅಂತ ಬರೆದರೆ ಸಾಲದು, ದೇಶ ಮತ್ತು ಊರು ಬೇಕು. ಹೆಂಡತಿಯನ್ನು ಕರೆದುಕೊಂಡು ಹೋಗುವ ಫ್ಯಾಮಿಲಿ ವೀಸಾ ಸಿಗುತ್ತದಾ, ಅಥವಾ ಅವಳು ಊರಲ್ಲಿ ಅತ್ತೆ ಮಾವನ ಜೊತೆ ಇರಬೇಕಾ? ಇದನ್ನು ಮುಚ್ಚಿಟ್ಟು ನಿಶ್ಚಿತಾರ್ಥ ಆದ ಮೇಲೆ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಡಗಿನಲ್ಲಿ ಕೆಲಸ ಮಾಡುವವರು ಒಂದು ಕಾಂಟ್ರ್ಯಾಕ್ಟ್ ಎಷ್ಟು ತಿಂಗಳು, ನಡುವೆ ಊರಲ್ಲಿ ಎಷ್ಟು ದಿನ ಅಂತ ಬರೆಯಿರಿ. ನರ್ಸಿಂಗ್ ಮಾಡಿದವರು ಐಇಎಲ್‌ಟಿಎಸ್ ಅಥವಾ ಓಇಟಿ ಇಂಗ್ಲಿಷ್ ಪರೀಕ್ಷೆ ಬರೆದು ಹೊರಡುವ ತಯಾರಿಯಲ್ಲಿದ್ದರೆ ಅದೂ ಇರಲಿ, ಯಾಕೆಂದರೆ ಹಾಸನದಲ್ಲಿ ಕಾಫಿ ತೋಟ ನೋಡಿಕೊಳ್ಳುವ ಹುಡುಗನಿಗೆ ಅದು ಮೊದಲೇ ಗೊತ್ತಾಗಬೇಕಾದ ವಿಷಯ ಅಲ್ವಾ.

ರಜೆಗೆ ಯಾವಾಗ ಬರುತ್ತೀರಿ ಅನ್ನುವ ತಿಂಗಳನ್ನೂ ಹಾಕಿ. ಅದನ್ನು ಲೆಕ್ಕ ಹಾಕುವಾಗ ಚರ್ಚಿನ ಕ್ಯಾಲೆಂಡರ್ ಪಕ್ಕದಲ್ಲಿರಲಿ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಲ್ಲಿ, ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲಿ ಕಥೋಲಿಕರು ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಅದರ ಮೇಲೆ ಮದುವೆ ತಯಾರಿ ಶಿಬಿರ ಆಗಬೇಕು, ಭಾನುವಾರಗಳಲ್ಲಿ ಚರ್ಚಿನಲ್ಲಿ ಮದುವೆಯಾಗುವವರ ಹೆಸರು ಓದಬೇಕು. ಮಾರ್ಚಿನಲ್ಲಿ ಇಪ್ಪತ್ತು ದಿನ ರಜೆ ಹಾಕಿ ಬಂದು ಹುಡುಗಿ ನೋಡಿ ಮದುವೆಯನ್ನೂ ಮುಗಿಸಿ ಹೋಗುತ್ತೇನೆ ಅಂದರೆ ಆಗುವ ಮಾತಲ್ಲ.

ಮನೆತನ

ಅಪ್ಪ, ಅಮ್ಮ, ಅವರ ಕೆಲಸ. ಅಣ್ಣ ತಮ್ಮ, ಅಕ್ಕ ತಂಗಿ, ಮದುವೆ ಆಗಿದೆಯಾ ಇಲ್ಲವಾ. ಇದು ಎಲ್ಲರೂ ಬರೆಯುತ್ತಾರೆ. ಬಹಳ ಜನ ಬಿಡುವುದು ಅಮ್ಮನ ತವರು. ಅಮ್ಮನ ಮನೆ ಹೆಸರು, ಅವಳ ಊರು, ಆ ಊರಿನ ಚರ್ಚು ಬರೆಯಿರಿ. ಡಿಸೋಜಾ, ಪಿಂಟೊ, ಲೋಬೊ ಅನ್ನುವ ಹೆಸರುಗಳು ಒಂದೊಂದು ಚರ್ಚಿನಲ್ಲೂ ರಾಶಿ ರಾಶಿ ಇವೆ, ಯಾವ ಡಿಸೋಜಾ ಅಂತ ಗೊತ್ತಾಗುವುದು ಅಮ್ಮನ ಕಡೆಯಿಂದಲೇ. ಸಂಬಂಧ ಹತ್ತಿರದ್ದಾ ಅಂತ ತಿಳಿಯುವುದೂ ಅದರಿಂದಲೇ. ಕಥೋಲಿಕ ನಿಯಮದಲ್ಲಿ ಅಕ್ಕನ ಮಗಳು, ಅತ್ತೆ ಮಗ, ಮಾವನ ಮಗಳು, ಚಿಕ್ಕಪ್ಪನ ಮಗಳು, ಯಾರೇ ಆಗಲಿ, ಅಷ್ಟು ಹತ್ತಿರದ ರಕ್ತಸಂಬಂಧದಲ್ಲಿ ವಿನಾಯಿತಿ ಇಲ್ಲದೆ ಮದುವೆ ಆಗುವ ಹಾಗಿಲ್ಲ. ನಮ್ಮ ಕಡೆ ಸೋದರಿಕೆ ಅಂತ ಸಲೀಸಾಗಿ ನಡೆದುಕೊಂಡು ಬಂದಿದ್ದು ಚರ್ಚಿನ ಕಚೇರಿಯಲ್ಲಿ ಅರ್ಜಿಯ ವಿಷಯ ಆಗುತ್ತದೆ.

ಮನೆಯಲ್ಲಿ ಯಾರಾದರೂ ಫಾದರ್, ಸಿಸ್ಟರ್, ಪಾಸ್ಟರ್ ಇದ್ದರೆ ಬರೆಯಿರಿ. ವಿಚಾರಿಸುವವರಿಗೆ ಅದು ಒಂದು ಎಳೆ. ಯಾವ ಸಂಸ್ಥೆ, ಎಲ್ಲಿ ಅಂತ ಹೇಳಿದರೆ ಸಾಕು, ಫೋಟೋ ಹಾಕುವಷ್ಟು ಬೇಡ.

ನನ್ನ ಬಗ್ಗೆ ಅನ್ನುವ ನಾಲ್ಕು ಸಾಲು

ಎಲ್ಲರ ಬಯೋಡೇಟಾದಲ್ಲೂ ಇರುವ ಸಾಲು ಇದು: "ಸರಳ, ಸ್ನೇಹಪರ, ದೇವಭಯವುಳ್ಳ, ಕುಟುಂಬದ ಮೌಲ್ಯಗಳಿಗೆ ಬೆಲೆ ಕೊಡುವ ಹುಡುಗಿ. ಹವ್ಯಾಸ: ಸಂಗೀತ ಕೇಳುವುದು, ಓದುವುದು, ಪ್ರವಾಸ." ಓದಿದ ಮೇಲೆ ಯಾರ ಮುಖವೂ ಕಣ್ಣ ಮುಂದೆ ಬರುವುದಿಲ್ಲ. ಅದೇ ಹುಡುಗಿ ಹೀಗೆ ಬರೆದರೆ:

"ಮೈಸೂರಿನ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ರಾತ್ರಿ ಪಾಳಿ ಇರುತ್ತದೆ, ಮದುವೆಯಾದ ಮೇಲೂ ಕೆಲಸ ಮುಂದುವರಿಸುತ್ತೇನೆ. ಭಾನುವಾರ ಡ್ಯೂಟಿ ಇಲ್ಲದಾಗ ಚರ್ಚಿನಲ್ಲಿ ಕನ್ನಡ ಗಾಯನ ತಂಡದಲ್ಲಿ ಹಾಡುತ್ತೇನೆ. ಅಡುಗೆ ಬರುತ್ತದೆ, ದಿನಾ ಮಾಡಲು ಪುರುಸೊತ್ತು ಇರುವುದಿಲ್ಲ. ಅಮ್ಮ ಒಬ್ಬರೇ ಇದ್ದಾರೆ, ಅವರನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನದು."

ಕೊನೆಯ ಎರಡು ಸಾಲು ನೋಡಿ ಕೆಲವರು ಹಿಂದೆ ಸರಿಯುತ್ತಾರೆ. ಸರಿಯಲಿ. ಉಳಿದವರು ಅದನ್ನು ಒಪ್ಪಿಕೊಂಡೇ ಫೋನ್ ಮಾಡಿರುತ್ತಾರೆ. ಇದನ್ನು ಹುಡುಗ ಅಥವಾ ಹುಡುಗಿಯೇ ಬರೆಯಬೇಕು. ಅಪ್ಪ ಬರೆದರೆ ಸರ್ಟಿಫಿಕೇಟಿನ ಥರ ಇರುತ್ತದೆ, ಅಣ್ಣ ಬರೆದರೆ ಕೆಲಸದ ಅರ್ಜಿಯ ಥರ.

ಮೇಲ್ಗಡೆ ಒಂದು ಬೈಬಲ್ ವಾಕ್ಯ ಹಾಕಬೇಕಾ ಅಂದರೆ, ಹಾಕಬಹುದು, ಒಂದೇ. ಎರಡನೇ ಪುಟದ ತನಕ ವಚನಗಳನ್ನೇ ತುಂಬಿಸಿದ ಬಯೋಡೇಟಾದಲ್ಲಿ ಫೋನ್ ನಂಬರ್ ಹುಡುಕುವುದೇ ಒಂದು ಕೆಲಸ.

ಎಂಥವರು ಬೇಕು, ಮತ್ತೆ ಬರೆಯಲೇಬಾರದ ಸಾಲು

ಬೇಡಿಕೆ ಮೂರು ನಾಲ್ಕು ಸಾಕು: ವಯಸ್ಸಿನ ಅಂತರ, ಸಭೆ, ಭಾಷೆ, ಎಲ್ಲಿ ವಾಸ. ಬೆಳ್ಳಗಿರಬೇಕು, ಸಣ್ಣಗಿರಬೇಕು ಅನ್ನುವುದನ್ನು ಇನ್ನೂ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜಾತಿಯ ವಿಷಯವೂ ಅಷ್ಟೇ. ಭಾನುವಾರ ಒಂದೇ ಬೆಂಚಿನಲ್ಲಿ ಕೂತು, ಸೋಮವಾರ "ಮೂಲ ಯಾವುದು ನಿಮ್ಮದು?" ಅಂತ ಕೇಳುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ನೀವು ಅದನ್ನು ಬರೆಯಬೇಕಿಲ್ಲ. ಯಾರಾದರೂ ಫೋನಿನಲ್ಲಿ ಕೇಳಿದರೆ, ಆ ಮನೆ ಎಂಥದ್ದು ಅಂತ ನಿಮಗೆ ಬೇಗ ತಿಳಿದಂತಾಯಿತು.

"ಹುಡುಗಿಗೆ ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಡುತ್ತೇವೆ", "ಮದುವೆಯಾದವನಿಗೆ ಅಂಗಡಿಯಲ್ಲಿ ಪಾಲು" ಅನ್ನುವ ಸಾಲನ್ನು ಆಕರ್ಷಣೆಗೆ ಅಂತ ಸೇರಿಸುತ್ತಾರೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 4ಎ ಕಲಂ ಇರುವುದೇ ಇಂಥದ್ದಕ್ಕೆ. ಮದುವೆಗೆ ಪ್ರತಿಯಾಗಿ ಆಸ್ತಿ, ಹಣ, ವ್ಯಾಪಾರದಲ್ಲಿ ಪಾಲು ಕೊಡುತ್ತೇವೆ ಅಂತ ಪತ್ರಿಕೆಯಲ್ಲೋ ಬೇರೆ ಮಾಧ್ಯಮದಲ್ಲೋ ಜಾಹೀರಾತು ಕೊಟ್ಟರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು, ಅಥವಾ 15,000 ರೂಪಾಯಿವರೆಗೆ ದಂಡ. ಅದನ್ನು ಅಚ್ಚು ಹಾಕುವವರೂ ಹಂಚುವವರೂ ಸಿಕ್ಕಿಬೀಳುತ್ತಾರೆ.

ಎರಡನೇ ಮದುವೆಯಾದರೆ

ಮೊದಲ ಸಾಲುಗಳಲ್ಲೇ ಬರೆಯಿರಿ. ಗಂಡ ಅಥವಾ ಹೆಂಡತಿ ತೀರಿಕೊಂಡಿದ್ದರೆ ಯಾವ ವರ್ಷ, ಮಕ್ಕಳು ಎಷ್ಟು, ಯಾರ ಹತ್ತಿರ ಇದ್ದಾರೆ. ಬೇರೆಯಾದವರಿಗೆ, ಅದರಲ್ಲೂ ಕಥೋಲಿಕರಿಗೆ, ಎರಡು ಕಾಗದ ಬೇಕು. ಕೋರ್ಟಿನ ಡಿಕ್ರಿ ಒಂದು, ಮೊದಲ ಮದುವೆ ಅಸಿಂಧು ಅಂತ ಚರ್ಚಿನ ನ್ಯಾಯಮಂಡಳಿ ಕೊಡುವ ತೀರ್ಪು ಇನ್ನೊಂದು. ಕೋರ್ಟಿನದು ಮಾತ್ರ ಇದ್ದರೆ ಚರ್ಚಿನಲ್ಲಿ ಮದುವೆ ಮಾಡಿಸುವುದಿಲ್ಲ. ಚರ್ಚಿನದು ಮಾತ್ರ ಇದ್ದರೆ ಕಾನೂನಿನ ಲೆಕ್ಕದಲ್ಲಿ ಮೊದಲ ಮದುವೆ ಹಾಗೇ ಇದೆ. ಸುಪ್ರೀಂ ಕೋರ್ಟ್ ಇದನ್ನು 1996ರಲ್ಲೇ ಹೇಳಿತ್ತು, ಚರ್ಚಿನ ತೀರ್ಪಿಗೆ ಮಾನ್ಯತೆ ಕೊಡಿ ಅಂತ ಆಮೇಲೆ ಹೋದ ಅರ್ಜಿಯನ್ನು 2017ರಲ್ಲಿ ವಜಾ ಮಾಡಿತು. ಬಯೋಡೇಟಾದಲ್ಲಿ "ಕೋರ್ಟಿನ ಡಿಕ್ರಿ ಆಗಿದೆ, ಚರ್ಚಿನಲ್ಲಿ ನಡೆಯುತ್ತಿದೆ" ಅಂತ ಇರುವ ಸ್ಥಿತಿಯನ್ನು ಇದ್ದ ಹಾಗೆ ಬರೆಯಿರಿ. ಯಾಕೆ ಬೇರೆಯಾದಿರಿ ಅನ್ನುವ ಕಥೆ ಕಾಗದದ ಮೇಲೆ ಬೇಡ, ಎದುರು ಕೂತಾಗ ಮಾತಾಡಿ.

ಫೋಟೋ, ಪಿಡಿಎಫ್, ಕಳಿಸುವುದು

ಫೋಟೋ ಎರಡು ಸಾಕು. ಒಂದು ಮುಖ ಸರಿಯಾಗಿ ಕಾಣುವಂಥದ್ದು, ಒಂದು ನಿಂತಿರುವುದು. ಇತ್ತೀಚಿನದಾಗಿರಲಿ. ಬೇರೆಯವರ ಮದುವೆಯಲ್ಲಿ ತೆಗೆದ ಗುಂಪಿನ ಫೋಟೋದಿಂದ ಕತ್ತರಿಸಿದ್ದು, ಪಕ್ಕದವರ ಭುಜ ಅರ್ಧ ಕಾಣುವಂಥದ್ದು ಬೇಡ. ಫಿಲ್ಟರ್ ಹಾಕಬೇಡಿ, ನೋಡಲು ಬಂದ ದಿನ ಗೊತ್ತಾಗಿಯೇ ಆಗುತ್ತದೆ.

ಒಂದು ಪುಟ, ಹೆಚ್ಚೆಂದರೆ ಒಂದೂವರೆ. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ಮಾಡಿಟ್ಟುಕೊಳ್ಳಿ. ಕನ್ನಡದ್ದನ್ನು ಯೂನಿಕೋಡ್ ಅಕ್ಷರದಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದರೆ ಯಾವ ಫೋನಿನಲ್ಲೂ ಅಕ್ಷರ ಚೆಲ್ಲಾಪಿಲ್ಲಿ ಆಗುವುದಿಲ್ಲ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಫೈಲಿಗೆ "ಬಯೋಡೇಟಾ ಹೊಸದು ಫೈನಲ್" ಅಂತ ಹೆಸರಿಡಬೇಡಿ. ನಿಮ್ಮ ಹೆಸರು, ಊರು, ತಿಂಗಳು ಇರಲಿ. ಅದು ಎಷ್ಟೋ ಫೋನುಗಳಲ್ಲಿ ಓಡಾಡುತ್ತದೆ, ವರ್ಷವಾದ ಮೇಲೂ ಯಾರೋ ನೋಡಿ ಕರೆ ಮಾಡುತ್ತಾರೆ.

ಎರಡು ಪ್ರತಿ ಮಾಡಿ. ಗ್ರೂಪಿಗೆ, ಬ್ರೋಕರಿಗೆ, ವೆಬ್‌ಸೈಟಿಗೆ ಹೋಗುವುದರಲ್ಲಿ ಮನೆ ವಿಳಾಸ, ಕಂಪನಿಯ ಹೆಸರು, ಪೂರ್ತಿ ಹುಟ್ಟಿದ ದಿನಾಂಕ ಇರಬಾರದು. ಹುಟ್ಟಿದ ವರ್ಷ, ಊರು, ಚರ್ಚು ಸಾಕು. ಇನ್ನೊಂದು ಪೂರ್ತಿ ಪ್ರತಿ, ಆ ಕಡೆಯವರ ಬಯೋಡೇಟಾ ಬಂದು ಒಂದು ಸಲ ಹಿರಿಯರು ಮಾತಾಡಿದ ಮೇಲೆ. ಫೋನ್ ನಂಬರ್ ಅಪ್ಪ, ಅಮ್ಮ ಅಥವಾ ಅಣ್ಣನದ್ದಾಗಿರಲಿ, ಹುಡುಗಿಯ ನಂಬರ್ ಅಂತೂ ಬೇಡವೇ ಬೇಡ. ಆಧಾರ್ ನಂಬರ್ ಯಾವ ಪ್ರತಿಯಲ್ಲೂ ಬೇಡ.

ವಿಚಾರಿಸಲು ಫಾದರ್ ಅಥವಾ ಪಾಸ್ಟರ್ ಹೆಸರು ಕೊಡುವುದಾದರೆ ಮೊದಲು ಅವರನ್ನು ಕೇಳಿ. ಫಾದರ್‌ಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗ ಆಗುತ್ತದೆ, ಹೊಸದಾಗಿ ಬಂದವರಿಗೆ ನಿಮ್ಮ ಮನೆ ಗೊತ್ತೇ ಇರುವುದಿಲ್ಲ. ಆದ್ದರಿಂದ ನಿಮ್ಮ ಚರ್ಚಿನ ವಾರ್ಡನ್ನು ನೋಡಿಕೊಳ್ಳುವ ಗುರಿಕಾರರೋ, ಸಭೆಯ ಹಿರಿಯರೋ, ಗಾಯನ ತಂಡ ನಡೆಸುವವರೋ, ನಿಮ್ಮನ್ನು ನಿಜವಾಗಿ ಬಲ್ಲ ಇನ್ನೊಬ್ಬರ ಹೆಸರೂ ಇರಲಿ.

ಕಳಿಸುವುದಕ್ಕೆ ಮುಂಚೆ ನಿಮ್ಮ ಮನೆಯ ಅತ್ತೆಯೊಬ್ಬರಿಗೆ ಓದಲು ಕೊಡಿ, ಸಂಬಂಧ ಕೂಡಿಸುವುದರಲ್ಲಿ ಪಳಗಿದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಕೇಳಲು ಏನು ಉಳಿಯಿತೋ ಅದನ್ನು ಸೇರಿಸಿ. ಯಾರ್ಯಾರಿಗೆ ಕಳಿಸಿದಿರಿ ಅಂತ ಒಂದು ಪುಸ್ತಕದಲ್ಲಿ ದಿನಾಂಕದ ಜೊತೆ ಬರೆದಿಡಿ, ಕೆಲಸ ಬದಲಾದರೆ ಹೊಸ ಪ್ರತಿಯನ್ನು ಅವರಿಗೇ ಮತ್ತೆ ಕಳಿಸಬೇಕು. ಬೇಡ ಅನ್ನಿಸಿದ ಸಂಬಂಧಕ್ಕೆ ಉತ್ತರ ಕೊಡದೆ ಕೂರಬೇಡಿ, "ನಮಗೆ ಹೊಂದುತ್ತಿಲ್ಲ, ನಿಮ್ಮ ಮಗನಿಗೆ ಒಳ್ಳೆಯ ಕಡೆ ಸಿಗಲಿ" ಅಂತ ವಾರದೊಳಗೆ ಒಂದು ಮೆಸೇಜ್ ಹಾಕಿ, ಅವರ ಫೋಟೋ ಅಳಿಸಿ. ಮದುವೆ ಗೊತ್ತಾದ ದಿನವೇ ವೆಬ್‌ಸೈಟಿನಿಂದ ನಿಮ್ಮ ಪ್ರೊಫೈಲು ತೆಗೆದು, ಆ ಪುಸ್ತಕದಲ್ಲಿರುವ ಎಲ್ಲರಿಗೂ ಮದುವೆ ಗೊತ್ತಾಯಿತು ಅಂತ ತಿಳಿಸಿಬಿಡಿ.